ದೀಪದ ಸಾಲ ಕೊಡಿಸಿದ್ದು ಯಾರ ಪರಿಚಯ? ಸೆಲ್ಕೊ ಬೆಳೆದ ಬಗೆ

ಹಸುವಿಗೆ ಸಾಲ ಕೊಟ್ಟರೆ ಹಾಲು ಬರುತ್ತದೆ. ಪಂಪ್‌ಸೆಟ್ಟಿಗೆ ಕೊಟ್ಟರೆ ಬೆಳೆ ಬರುತ್ತದೆ. ದೀಪಕ್ಕೆ ಕೊಟ್ಟರೆ ಏನು ಬರುತ್ತದೆ?

ಮೂವತ್ತು ವರ್ಷದ ಹಿಂದೆ ಸೋಲಾರ್ ದೀಪಕ್ಕೆ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದವರ ಎದುರು ಈ ಪ್ರಶ್ನೆ ಗೋಡೆಯ ಹಾಗೆ ನಿಲ್ಲುತ್ತಿತ್ತು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಮ್ಯಾನೇಜರ್ ಕೈಯಲ್ಲಿ ಇರುವುದು ಊರ ಜನರ ಠೇವಣಿ ಹಣ. ವಾಪಸ್ ಬರುವ ದಾರಿ ಕಾಣದಿದ್ದರೆ ಅವರು ಕೊಡುವುದಾದರೂ ಹೇಗೆ? ಆದರೆ ಆ ಗೋಡೆ ದಾಟದೆ, ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮಾರುವ ಸೆಲ್ಕೊ ಎಂಬ ಕಂಪನಿ ಬದುಕುವ ಹಾಗಿರಲಿಲ್ಲ. ಅದು ದಾಟಿದ ದಾರಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಸಮಾಜಕ್ಕೆ ಉಪಯೋಗವಾಗುವ ಉದ್ಯಮ ಕಟ್ಟಬೇಕು ಎಂದು ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ ಎಲ್ಲರೂ ಹೇಳುವ ಒಂದು ಮಾತಿದೆ: ನೆಟ್‌ವರ್ಕ್ ಬೆಳೆಸಿಕೊಳ್ಳಿ. ಯಾರ ಜೊತೆ, ಹೇಗೆ, ಎಷ್ಟು ದಿನ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸೆಲ್ಕೊ ಕಥೆಯಲ್ಲಿ ಅದು ಬಿಡಿಬಿಡಿಯಾಗಿ ಕಾಣುತ್ತದೆ.

ಸೆಲ್ಕೊ ಬೆಂಗಳೂರಿನಲ್ಲಿ 1995ರಲ್ಲಿ ಶುರುವಾಯಿತು. ಕಟ್ಟಿದವರು ಇಬ್ಬರು. ಒಬ್ಬರು ಹರೀಶ್ ಹಂದೆ. ಉಡುಪಿ ಜಿಲ್ಲೆಯ ಹಂದಟ್ಟು ಮೂಲ, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ, ಓದಿದ್ದು ಖರಗ್‌ಪುರದ ಐಐಟಿಯಲ್ಲಿ, ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕ್ಯಾಂಪಸ್ಸಿನಲ್ಲಿ. ಇನ್ನೊಬ್ಬರು ನೆವಿಲ್ ವಿಲಿಯಮ್ಸ್, ಅಮೆರಿಕದವರು. ಪತ್ರಕರ್ತರಾಗಿದ್ದವರು, ಕಾರ್ಟರ್ ಅಧ್ಯಕ್ಷರಾಗಿದ್ದಾಗ ಅಲ್ಲಿನ ಇಂಧನ ಇಲಾಖೆಯಲ್ಲೂ ಕೆಲಸ ಮಾಡಿದವರು. ಬಡ ದೇಶಗಳ ಹಳ್ಳಿಗಳಿಗೆ ಸೋಲಾರ್ ಬೆಳಕು ಮುಟ್ಟಿಸಲು 1990ರಲ್ಲಿ ಒಂದು ಸಂಸ್ಥೆ ಕಟ್ಟಿದ್ದರು.

ಕಂಪನಿ ಮೂರು ತಪ್ಪು ನಂಬಿಕೆಗಳನ್ನು ಸುಳ್ಳು ಮಾಡುತ್ತೇನೆ ಎಂದು ಹೊರಟಿತು. ಬಡವರು ಹೊಸ ತಂತ್ರಜ್ಞಾನಕ್ಕೆ ದುಡ್ಡು ಕೊಡಲಾರರು ಎಂಬುದು ಒಂದು. ಕೊಂಡರೂ ನೋಡಿಕೊಳ್ಳಲಾರರು ಎಂಬುದು ಎರಡನೆಯದು. ಬಡವರಿಗಾಗಿ ಮಾಡುವ ಕೆಲಸ ವ್ಯಾಪಾರವಾಗಿ ನಡೆಯದು ಎಂಬುದು ಮೂರನೆಯದು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬರುವ ಹೊತ್ತಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಮನೆಗಳಲ್ಲಿ ಸೆಲ್ಕೊ ದೀಪ ಉರಿಯುತ್ತಿತ್ತು. ಪುಕ್ಕಟೆ ಕೊಟ್ಟ ದೀಪಗಳಲ್ಲ, ಜನ ಕೊಂಡುಕೊಂಡ ದೀಪಗಳು.

ದೂರದ ಪರಿಚಯ ತಂದದ್ದು

ಮೊದಲು ದೂರದ ನಂಟುಗಳನ್ನು ನೋಡೋಣ. ಹಂದೆಯವರು ಓದುವಾಗ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿದ್ದರು. ಅಲ್ಲಿ ರಿಚರ್ಡ್ ಹ್ಯಾನ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ಹಳ್ಳಿ ಮನೆಗಳಿಗೆ ಸಾಲದ ಮೇಲೆ ಸೋಲಾರ್ ಕೂರಿಸುವ ಕೆಲಸ ಕಟ್ಟಿದ್ದರು. ಬಡವರು ಕಂತು ಕಟ್ಟಿ ದೀಪ ಕೊಳ್ಳುವುದನ್ನು ಹಂದೆಯವರು ಕಣ್ಣಾರೆ ಕಂಡರು. ದೊಡ್ಡ ಸೋಲಾರ್ ಸ್ಥಾವರಗಳ ಮೇಲೆ ಅಧ್ಯಯನ ಮಾಡಲು ಹೊರಟಿದ್ದವರು ಆ ವಿಷಯವನ್ನೇ ಬಿಟ್ಟರು. ಆಮೇಲೆ ಶ್ರೀಲಂಕಾದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇದ್ದು ಕಲಿತರು. ನೆವಿಲ್ ವಿಲಿಯಮ್ಸ್ ಕೈಜೋಡಿಸಿದ್ದು ಇದೇ ಸೋಲಾರ್ ಬಳಗದ ಒಡನಾಟದಿಂದ. ಮೊದಲ ವರ್ಷಗಳಲ್ಲಿ ಅಮೆರಿಕದ ವಿನ್‌ರಾಕ್ ಸಂಸ್ಥೆಯ ಮೂಲಕ, ಅಲ್ಲಿನ ಸರ್ಕಾರ ವಿದೇಶಗಳಿಗೆ ನೆರವು ಕೊಡಲು ಕಟ್ಟಿದ್ದ ಯುಎಸ್‌ಏಡ್‌ನ ಸಾಲ ಸಿಕ್ಕಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ ಒಂದು ಮಾತು ಇಲ್ಲಿ ಹೊಂದುತ್ತದೆ. ಹತ್ತಿರದ ನೆಂಟರು, ಜೀವದ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬರೀ ಮುಖಪರಿಚಯದವರಿಂದ, ಯಾಕೆಂದರೆ ಅವರು ಓಡಾಡುವ ಜಾಗವೇ ಬೇರೆ. ಕರಾವಳಿಯ ಮನೆತನದ ಹುಡುಗನಿಗೆ ಕೆರಿಬಿಯನ್ ದ್ವೀಪದ ಪಾಠ ಸಿಕ್ಕಿದ್ದು ಅಂಥ ಪರಿಚಯದಿಂದ.

ಇಷ್ಟಕ್ಕೇ ಕಥೆ ನಿಲ್ಲಿಸಿಬಿಡುವವರು ಜಾಸ್ತಿ. ಐಐಟಿ, ಅಮೆರಿಕ, ವಿದೇಶಿ ಹಣ, ಅಲ್ಲಿಗೆ ಎಲ್ಲ ತಿಳಿಯಿತು ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ದೂರದ ನಂಟು ತಂದದ್ದು ಒಂದು ಯೋಚನೆ ಮತ್ತು ಸ್ವಲ್ಪ ದುಡ್ಡು. ಅಷ್ಟರಿಂದ ಒಂದು ಕಚೇರಿ ತೆರೆಯಬಹುದು. ಅಡಿಕೆ ತೋಟದ ನಡುವಿನ ಮನೆಯಲ್ಲಿ ದೀಪ ಉರಿಯಬೇಕಾದರೆ ಬೇರೆಯೇ ಜನ ಬೇಕಿತ್ತು.

ಪಿಗ್ಮಿ ಕಟ್ಟುವ ಊರು

ಮಲೆನಾಡು, ಕರಾವಳಿಯ ಮನೆಗಳು ಹೇಗಿರುತ್ತವೆ ಎಂದು ನೋಡಿದವರಿಗೆ ಗೊತ್ತು. ಊರು ಅಂದರೆ ಒಂದೇ ಕಡೆ ಗುಂಪಾಗಿ ಇರುವ ಮನೆಗಳಲ್ಲ. ಒಂದು ಮನೆ ಈ ತೋಟದಲ್ಲಿ, ಇನ್ನೊಂದು ಗುಡ್ಡದ ಆಚೆ. ಒಂದು ಮನೆಗೆ ಕರೆಂಟ್ ಎಳೆಯಲು ಎಷ್ಟೋ ಕಂಬ ನೆಡಬೇಕು. ಎಳೆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ವಾರಗಟ್ಟಲೆ ಕತ್ತಲೆ. 2001ರ ಜನಗಣತಿಯಲ್ಲಿ ದೇಶದ ಶೇಕಡಾ 56ರಷ್ಟು ಮನೆಗಳಲ್ಲಿ ಮಾತ್ರ ಬೆಳಕಿಗೆ ಕರೆಂಟ್ ಇತ್ತು. ಉಳಿದವರಿಗೆ ಸೀಮೆಎಣ್ಣೆಯ ಬುಡ್ಡಿ. ಮೂಗಿನ ಹೊಳ್ಳೆಯಲ್ಲಿ ಬೆಳಿಗ್ಗೆ ಕಾಣುವ ಮಸಿ, ಸುಟ್ಟ ಚಿಮಣಿ ಗಾಜಿನ ವಾಸನೆ, ನನ್ನ ವಯಸ್ಸಿನ ಮಲೆನಾಡಿಗರು ಇದನ್ನು ಮರೆಯುವುದಿಲ್ಲ.

ನಾಲ್ಕು ದೀಪದ ಒಂದು ಸೋಲಾರ್ ಸೆಟ್ಟಿಗೆ ಆಗ ಹದಿನೈದು ಸಾವಿರ ರೂಪಾಯಿ ಆಸುಪಾಸು. ಹಣ ಇದ್ದ ಕೆಲವು ಅಡಿಕೆ ಬೆಳೆಗಾರರು ಪೂರ್ತಿ ಕೊಟ್ಟು ಹಾಕಿಸಿಕೊಂಡರು. ಉಳಿದವರಿಗೆ ಸಾಲ ಬೇಕು. ಸೀಮೆಎಣ್ಣೆಗೆ, ಮೇಣದಬತ್ತಿಗೆ, ಬ್ಯಾಟರಿ ಸೆಲ್ಲಿಗೆ ಮನೆಯವರು ಹೇಗೂ ಪ್ರತಿ ತಿಂಗಳು ಖರ್ಚು ಮಾಡುತ್ತಿದ್ದರು. ಆ ದುಡ್ಡನ್ನೇ ಕಂತಿಗೆ ತಿರುಗಿಸಿದರೆ ಐದು ವರ್ಷದಲ್ಲಿ ದೀಪ ಅವರದೇ. ಲೆಕ್ಕ ಸರಿ ಇತ್ತು. ನಂಬುವ ಬ್ಯಾಂಕ್ ಬೇಕಿತ್ತು.

ಇಲ್ಲಿ ಸೆಲ್ಕೊಗೆ ಊರಿನ ಒಂದು ಹಳೆಯ ಆಸ್ತಿ ಸಿಕ್ಕಿತು. ಅದು ಸೆಲ್ಕೊ ಕಟ್ಟಿದ್ದಲ್ಲ. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕ್ ಶುರು ಮಾಡಿದ್ದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನೇಕಾರರು, ಮೀನು ಮಾರುವವರು, ಗೂಡಂಗಡಿಯವರು, ಎಲ್ಲರೂ ಕಟ್ಟುತ್ತಿದ್ದರು. ಎಪ್ಪತ್ತು ವರ್ಷ ದಿನವೂ ಒಬ್ಬ ಮನುಷ್ಯ ಸೈಕಲ್ ತುಳಿದುಕೊಂಡು ಬಂದು ಚಿಲ್ಲರೆ ತೆಗೆದುಕೊಂಡು, ಪುಸ್ತಕದಲ್ಲಿ ಬರೆದು, ಹೋದರೆ ಏನಾಗುತ್ತದೆ ಯೋಚಿಸಿ. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಕೈಯಲ್ಲಿ ಯಾವಾಗ ದುಡ್ಡು ಓಡಾಡುತ್ತದೆ, ಯಾರು ಮಾತಿಗೆ ನಿಲ್ಲುತ್ತಾರೆ, ಎಲ್ಲವೂ ಬ್ಯಾಂಕಿಗೆ ಗೊತ್ತಿರುತ್ತದೆ. ಬಡವರ ಚಿಲ್ಲರೆ ದುಡ್ಡೂ ದುಡ್ಡೇ ಎಂದು ಆ ಬ್ಯಾಂಕಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾಗಿಯೇ ಸೋಲಾರ್ ದೀಪಕ್ಕೆ ಸಾಲ ಕೊಡಲು ಮೊದಲು ಮುಂದೆ ಬಂದ ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಧಾರವಾಡ ಕಡೆಯ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಇದ್ದದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ. ಮಲಪ್ರಭಾ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕೇ ಪ್ರಾಯೋಜಕ. ಒಂದು ಕಡೆ ಬಾಗಿಲು ತೆರೆದರೆ ಇನ್ನೊಂದು ಕಡೆ ತಟ್ಟಲು ಧೈರ್ಯ ಬರುತ್ತದೆ. ಹಾಗಂತ ಬಾಗಿಲು ಸುಮ್ನೆ ತೆರೆಯಲಿಲ್ಲ. ಸೆಲ್ಕೊ ಜನ ಶಾಖೆಯಿಂದ ಶಾಖೆಗೆ ವರ್ಷಗಟ್ಟಲೆ ಅಲೆದಿದ್ದಾರೆ.

ವಶೀಲಿ ಬೇರೆ, ಪರಿಚಯ ಬೇರೆ

ಇಲ್ಲಿ ಒಂದು ಮಾತು ಹೇಳಲೇಬೇಕು. ನೆಟ್‌ವರ್ಕ್ ಅಂದ ತಕ್ಷಣ ನಮ್ಮ ಕಡೆ ಜನರ ತಲೆಗೆ ಬರುವುದು ವಶೀಲಿ. ಮೇಲಿನವರಿಂದ ಒಂದು ಫೋನ್ ಮಾಡಿಸಿದರೆ ಕೆಲಸ ಆಯಿತು ಎಂಬ ಲೆಕ್ಕ. ಅದರಿಂದ ಒಂದು ಸಲ ಕೆಲಸ ಆಗುತ್ತದೆ, ನಿಜ. ಆದರೆ ಹೇಳಿಸಿಕೊಂಡ ಅಧಿಕಾರಿಗೆ ಅದು ಹೊರೆ. ಎರಡನೇ ಸಲ ಅವರು ಮುಖ ತಿರುಗಿಸುತ್ತಾರೆ. ಸಾವಿರಾರು ಸಣ್ಣ ಸಾಲಗಳು ಒಂದೊಂದಾಗಿ ಮಂಜೂರಾಗಬೇಕಾದ ಕೆಲಸಕ್ಕೆ ವಶೀಲಿ ಉಪಯೋಗವಿಲ್ಲ. ಪ್ರತಿ ಸಾಲಕ್ಕೂ ಫೋನ್ ಮಾಡಿಸಲು ಆಗುತ್ತದಾ?

ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಯೋಚಿಸಿದರೆ ಇದು ಅರ್ಥವಾಗುತ್ತದೆ. ಹದಿನೈದು ಸಾವಿರದ ಸಾಲಕ್ಕೂ ಕಾಗದಪತ್ರ ಅಷ್ಟೇ, ದೊಡ್ಡ ಸಾಲಕ್ಕೂ ಅಷ್ಟೇ. ದೀಪ ಕೆಟ್ಟರೆ ಜನ ಕಂತು ನಿಲ್ಲಿಸುತ್ತಾರೆ. ಅಡಿಕೆ ತೋಟದೊಳಗಿನ ಮನೆಗೆ ಹೋಗಿ ವಸೂಲಿ ಮಾಡುವುದು ಯಾರು? ಅವರ ನಿಜವಾದ ಭಯ ಇದು. ಈ ಭಯ ತೆಗೆಯುವ ಮನುಷ್ಯ ಅವರಿಗೆ ಬೇಕು.

ಆ ಮನುಷ್ಯ ಸೆಲ್ಕೊ ಟೆಕ್ನಿಷಿಯನ್. ಅದೇ ತಾಲ್ಲೂಕಿನ ಹುಡುಗ. ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ, ಮನೆಯವರ ಮಾತು ಅವನಿಗೆ ಬರುತ್ತದೆ. ಪೇಟೆಯಲ್ಲಿ ಸೆಲ್ಕೊ ಶಾಖೆ ಇದೆ, ಬೈಕ್ ಹತ್ತಿದರೆ ಮನೆ ಮುಟ್ಟಬಹುದು. ಮೊದಲ ವರ್ಷದ ಸರ್ವಿಸ್ ಬೆಲೆಯಲ್ಲೇ ಸೇರಿದೆ. ಸೋಲಾರ್ ಸೆಟ್ಟಿನಲ್ಲಿ ಪ್ಯಾನೆಲ್ ಅಷ್ಟು ಬೇಗ ಹಾಳಾಗುವುದಿಲ್ಲ. ಮೊದಲು ಸಾಯುವುದು ಬ್ಯಾಟರಿ. ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ತುದಿಗಳಲ್ಲಿ ಹಿಡಿದ ಕಿಲುಬು ಒರೆಸಬೇಕು, ಪ್ಯಾನೆಲ್ ಮೇಲೆ ಬಿದ್ದ ಎಲೆ, ಪಾಚಿ ತೆಗೆಯಬೇಕು. ಇದನ್ನು ಮಾಡದೆ ಎಷ್ಟೋ ಕಡೆ ಪುಕ್ಕಟೆ ಕೊಟ್ಟ ಸೋಲಾರ್ ದೀಪಗಳು ಒಂದೆರಡು ವರ್ಷದಲ್ಲಿ ಆರಿಹೋಗಿ, ಪ್ಯಾನೆಲ್ ಮಾತ್ರ ಮಾಡಿನ ಮೇಲೆ ಉಳಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಟೆಕ್ನಿಷಿಯನ್ ಬಂದು ಹೋಗುತ್ತಿದ್ದರೆ ಬ್ಯಾಟರಿ ಉಳಿಯುತ್ತದೆ. ಬ್ಯಾಟರಿ ಉಳಿದರೆ ದೀಪ ಉರಿಯುತ್ತದೆ. ದೀಪ ಉರಿದರೆ ಕಂತು ಬರುತ್ತದೆ. ಕಂತು ಬಂದರೆ ಮ್ಯಾನೇಜರ್ ಮುಂದಿನ ಅರ್ಜಿಗೆ ಸಹಿ ಹಾಕುತ್ತಾರೆ. ಪರಿಚಯ ಉಳಿದದ್ದು ಹೀಗೆ. ಇದರಲ್ಲಿ ಚಹಾ ಕುಡಿದು ಬೆನ್ನು ತಟ್ಟುವ ಪಾಲು ಕಡಿಮೆ, ಡಿಸ್ಟಿಲ್ಡ್ ವಾಟರ್ ಪಾಲು ಜಾಸ್ತಿ.

ಇನ್ನೂ ಒಂದು ಲಾಭ ಇತ್ತು. ಮನೆಯ ಕಷ್ಟಸುಖ ಟೆಕ್ನಿಷಿಯನ್ ಕಿವಿಗೆ ಬೀಳುತ್ತದೆ. ಕಂತು ತಡವಾದರೆ ಕಾರಣ ಏನು? ದೀಪ ಕೆಟ್ಟಿದೆಯಾ, ಅಡಿಕೆ ರೇಟು ಬಿದ್ದಿದೆಯಾ, ಮನೆಯಲ್ಲಿ ಕಾಯಿಲೆಯಾ? 2000ದ ಆಸುಪಾಸಿನಲ್ಲಿ ಅಡಿಕೆ ಬೆಲೆ ಕುಸಿದಾಗ ಕರಾವಳಿ, ಮಲೆನಾಡಿನ ಎಷ್ಟು ಮನೆಗಳ ಲೆಕ್ಕ ತಪ್ಪಿತು ಎಂದು ಅಲ್ಲಿನವರಿಗೆ ಗೊತ್ತು. ಅಂಥ ಹೊತ್ತಲ್ಲಿ ಕೊಡಲಾಗದವರು ಯಾರು, ಕೊಡಲು ಮನಸ್ಸಿಲ್ಲದವರು ಯಾರು ಎಂದು ಬೇರೆ ಮಾಡಿ ಹೇಳುವವರು ಬೇಕು. ಕಾಗದ ಅದನ್ನು ಹೇಳುವುದಿಲ್ಲ.

ಕಂತು ಕಟ್ಟುವ ರೀತಿಯೂ ಬದಲಾದದ್ದು ಈ ಓಡಾಟದಿಂದ. ಎಲ್ಲರಿಗೂ ತಿಂಗಳ ಕಂತು ಹೊಂದುವುದಿಲ್ಲ. ಅಡಿಕೆ ಬೆಳೆಗಾರರಿಗೆ ಕೊಯ್ಲಾಗಿ ಮಾರಿದ ಮೇಲೆ ಕೈಯಲ್ಲಿ ದುಡ್ಡು. ತಳ್ಳುಗಾಡಿಯವರಿಗೆ ದಿನದ ದುಡ್ಡು. ಬೀದಿಬದಿಯ ಒಬ್ಬ ತರಕಾರಿ ವ್ಯಾಪಾರಿಯಿಂದ ಕಲಿತ ಪಾಠವನ್ನು ಹಂದೆಯವರು ಅನೇಕ ಕಡೆ ಹೇಳಿದ್ದಾರೆ. ತಿಂಗಳಿಗೆ ಮುನ್ನೂರು ರೂಪಾಯಿ ಅಂದರೆ ಅವರಿಗೆ ಭಾರ, ದಿನಕ್ಕೆ ಹತ್ತು ರೂಪಾಯಿ ಅಂದರೆ ಹಗುರ. ಗಣಿತದಲ್ಲಿ ಎರಡೂ ಒಂದೇ. ಸಂಜೆ ಗಲ್ಲಾಪೆಟ್ಟಿಗೆ ನೋಡುವವರಿಗೆ ಎರಡೂ ಒಂದೇ ಅಲ್ಲ. ಬೀದಿ ವ್ಯಾಪಾರಿಗಳಿಗಾಗಿ ಒಂದು ಹೊಸ ಏರ್ಪಾಟು ಹುಟ್ಟಿತು. ಒಬ್ಬರು ಹಗಲು ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಗಾಡಿಗಳಿಗೆ ದೀಪ ಹಂಚಿ, ರಾತ್ರಿ ಬಾಡಿಗೆ ತೆಗೆದುಕೊಂಡು ಬರುತ್ತಾರೆ. ಬ್ಯಾಂಕ್ ಸಾಲ ಆ ಒಬ್ಬರಿಗೆ ಸಿಕ್ಕರೆ ಹತ್ತಾರು ಗಾಡಿಗೆ ಬೆಳಕು. ನೋಡಿ, ಇದು ಪಿಗ್ಮಿ ಏಜೆಂಟರ ದಾರಿಯೇ ಅಲ್ವಾ?

ವರ್ಗಾವಣೆ

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬ್ಯಾಂಕಿನವರ ವರ್ಗಾವಣೆ. ಸರ್ಕಾರಿ ಬ್ಯಾಂಕಿನ ಮ್ಯಾನೇಜರ್ ಒಂದೇ ಶಾಖೆಯಲ್ಲಿ ಇರುವುದು ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಪರಿಚಯಕ್ಕೆ ಹೋಗುತ್ತದೆ. ಎರಡನೇ ವರ್ಷ ನಂಬಿಕೆ ಬರುತ್ತದೆ, ಸಾಲ ಓಡುತ್ತದೆ. ಮೂರನೇ ವರ್ಷದ ಕೊನೆಗೆ ಅವರ ಗಂಟುಮೂಟೆ ಕಟ್ಟುವ ದಿನ. ಹೊಸಬರು ಬರುತ್ತಾರೆ, ಮತ್ತೆ ಅದೇ ಪ್ರಶ್ನೆ: ದೀಪ ಉರಿಸಿದರೆ ದುಡ್ಡು ಎಲ್ಲಿಂದ ಬರುತ್ತದೆ?

ಒಬ್ಬ ವ್ಯಕ್ತಿಯ ಮೇಲೆ ನಿಂತ ನಂಟು ಹೀಗೆ ಮೂರು ವರ್ಷಕ್ಕೊಮ್ಮೆ ಮುರಿಯುತ್ತದೆ. ಅದನ್ನು ಗಟ್ಟಿ ಮಾಡಲು ಎರಡು ದಾರಿ ತೆರೆದವು.

ಒಂದು, ಬ್ಯಾಂಕಿನವರಿಗೇ ತರಬೇತಿ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಇದರಲ್ಲಿ ದೊಡ್ಡ ಕೆಲಸ ಮಾಡಿತು. ಸೋಲಾರ್ ಹೇಗೆ ಕೆಲಸ ಮಾಡುತ್ತದೆ, ಎಂಥ ಮನೆಗೆ ಎಷ್ಟು ಸಾಲ, ಕಂತು ಹೇಗೆ ಕೂರಿಸಬೇಕು ಎಂದು ಬ್ಯಾಂಕ್ ಅಧಿಕಾರಿಗಳಿಗೆ ಕಲಿಸಿತು. ಈ ಪಾಠವನ್ನು ಮಾರಾಟಗಾರನ ಬಾಯಲ್ಲಿ ಕೇಳುವುದಕ್ಕೂ ಬ್ಯಾಂಕಿನ ಕೆಲಸ ಬಲ್ಲವರ ಬಾಯಲ್ಲಿ ಕೇಳುವುದಕ್ಕೂ ತುಂಬ ವ್ಯತ್ಯಾಸ. ಆಮೇಲೆ ವರ್ಗಾವಣೆಯೇ ಲಾಭವಾಯಿತು. ಸುಳ್ಯದಲ್ಲೋ ಶಿರಸಿಯಲ್ಲೋ ಸೋಲಾರ್ ಸಾಲ ಕೊಟ್ಟು ವಸೂಲಿ ಕಂಡ ಅಧಿಕಾರಿ ಬೇರೆ ಜಿಲ್ಲೆಗೆ ಹೋದಾಗ ಆ ಅನುಭವವನ್ನೂ ಹೊತ್ತುಕೊಂಡೇ ಹೋಗುತ್ತಾರೆ. ಅಲ್ಲಿ ಸೆಲ್ಕೊ ಹುಡುಗ ಬಾಗಿಲು ತಟ್ಟಿದರೆ ಪ್ರಶ್ನೆ ಅರ್ಧ ಕಡಿಮೆ.

ಇನ್ನೊಂದು, ಯೋಜನೆ ಮತ್ತು ನಿಯಮ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಸೋಲಾರ್ ಸಾಲ ಯೋಜನೆ ಶುರು ಮಾಡಿತು. ಮಾರುಕಟ್ಟೆ ಬಡ್ಡಿ ಶೇಕಡಾ 12ರ ಆಸುಪಾಸು ಇದ್ದಾಗ ಗ್ರಾಹಕರಿಗೆ ಶೇಕಡಾ 5ಕ್ಕೆ ಸಿಕ್ಕಿತು. ಆ ಸಹಾಯವನ್ನು ಹಂತ ಹಂತವಾಗಿ ಕಡಿಮೆ ಮಾಡುತ್ತ ಬಂದರು. ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರ ಮನೆಗಳಿಗೆ ಸಾಲ ಹೋಯಿತು. ನನಗೆ ಇಷ್ಟವಾದ ವಿಷಯ ಏನೆಂದರೆ, ಈ ಬಾಗಿಲು ಸೆಲ್ಕೊ ಒಬ್ಬರಿಗೇ ತೆರೆಯಲಿಲ್ಲ. ಟಾಟಾ ಬಿಪಿ ಸೋಲಾರ್‌ನಂಥ ಬೇರೆ ಕಂಪನಿಗಳೂ ಅದೇ ಯೋಜನೆಯಲ್ಲಿ ಮಾರಿದವು. ಬ್ಯಾಂಕಿಗೆ ಸೋಲಾರ್ ಅಭ್ಯಾಸವಾಗಲು ಸೆಲ್ಕೊ ಸವೆಸಿದ ಚಪ್ಪಲಿಯ ಲಾಭ ಎದುರಾಳಿಗಳಿಗೂ ಸಿಕ್ಕಿತು. ಸಮಾಜಕ್ಕಾಗಿ ಕಟ್ಟಿದ ಉದ್ಯಮ ಹೀಗೇ ಇರಬೇಕು ಅನ್ನಿಸುತ್ತದೆ. 2015ರಲ್ಲಿ ರಿಸರ್ವ್ ಬ್ಯಾಂಕ್ ನವೀಕರಿಸಬಹುದಾದ ಇಂಧನವನ್ನು ಆದ್ಯತಾ ವಲಯದ, ಅಂದರೆ ಬ್ಯಾಂಕುಗಳು ತಮ್ಮ ಸಾಲದಲ್ಲಿ ಇಂತಿಷ್ಟು ಪಾಲು ಕೊಡಲೇಬೇಕಾದ ಕ್ಷೇತ್ರಗಳ, ಪಟ್ಟಿಯಲ್ಲಿ ಪ್ರತ್ಯೇಕ ವಿಭಾಗವಾಗಿ ಸೇರಿಸಿತು. ಮನೆಗಳಿಗೆ ಕೊಡುವ ಸಾಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಒಬ್ಬೊಬ್ಬ ಮ್ಯಾನೇಜರ್ ಮನಸ್ಸಿನಲ್ಲಿ ಇದ್ದದ್ದು ಸುತ್ತೋಲೆಯಲ್ಲಿ ಬಂತು.

ಬೇರೆಯವರ ಬಳಗದೊಳಗೆ

ಪ್ರತಿ ಮನೆಗೂ ತಾನೇ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತ ಹೋದರೆ ಯಾವ ಕಂಪನಿಗೂ ಆಯುಸ್ಸು ಸಾಲದು. ಆಗಲೇ ನಂಬಿಕೆ ಇದ್ದ ಬಳಗಗಳ ಜೊತೆ ಸೆಲ್ಕೊ ಸೇರಿಕೊಂಡಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದ ಕೆಲಸ ಮಾಡುತ್ತಿತ್ತು. ಅದರ ಸ್ವಸಹಾಯ ಸಂಘಗಳು ಹಳ್ಳಿ ಹಳ್ಳಿಯಲ್ಲಿ ಇದ್ದವು, ವಾರ ವಾರ ಸಭೆ ಸೇರುತ್ತಿದ್ದವು. ಸಂಘದ ಸಾಲದಲ್ಲಿ ಸೋಲಾರ್ ದೀಪವೂ ಸೇರಿತು. ಈ ಕೆಲಸಕ್ಕೆ ಧರ್ಮಸ್ಥಳ ಯೋಜನೆಗೆ 2012ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂತು. ಸೆಲ್ಕೊಗೆ ಅದೇ ಪ್ರಶಸ್ತಿ 2005ರಲ್ಲಿ, ಮತ್ತೆ 2007ರಲ್ಲಿ ಬಂದಿತ್ತು. ಗುಜರಾತಿನಲ್ಲಿ ಸೇವಾ ಬ್ಯಾಂಕ್ ಜೊತೆ ಸೇರಿತು. ಅಲ್ಲಿನ ಸದಸ್ಯೆಯರು ಅಸಂಘಟಿತ ಕೆಲಸದ ಹೆಂಗಸರು. ಸೂಲಗಿತ್ತಿಯರಿಗೆ ತಲೆಗೆ ಕಟ್ಟಿಕೊಳ್ಳುವ ದೀಪ ಮಾಡಿದ್ದು ಇಂಥ ಒಡನಾಟದಿಂದ. ಹೆರಿಗೆ ಮಾಡಿಸುವಾಗ ಎರಡು ಕೈಯೂ ಖಾಲಿ ಇರಬೇಕು, ಲಾಟೀನು ಹಿಡಿಯುವುದು ಯಾರು? ಬೆಂಗಳೂರಿನ ಮೇಜಿನ ಮುಂದೆ ಕೂತವರಿಗೆ ಇದು ಹೊಳೆಯುತ್ತಿರಲಿಲ್ಲ.

ಬಾಯಿಮಾತಿನ ಬಗ್ಗೆ ಒಂದೇ ಮಾತು. ಸಂಜೆ ಗುಡ್ಡದ ಆಚೆಯ ಮನೆಯಲ್ಲಿ ಬಿಳಿ ಬೆಳಕು ಕಂಡರೆ ಈಚೆಯವರು ಹೋಗಿ ಕೇಳಿಯೇ ಕೇಳುತ್ತಾರೆ. ಅಲ್ಲಿ ಒಳ್ಳೆ ಮಾತು ಬಂದರೆ ಎರಡು ಮನೆ ಸಿಗುತ್ತದೆ, ಕೆಟ್ಟ ಮಾತು ಬಂದರೆ ಊರೇ ಹೋಗುತ್ತದೆ.

ಮುಳುಗುವ ಹೊತ್ತಲ್ಲಿ

2005ರ ಆಸುಪಾಸಿನಲ್ಲಿ ಸೆಲ್ಕೊ ಮುಳುಗುವ ಹಂತಕ್ಕೆ ಬಂತು. ಕಾರಣ ಎರಡು. ಜರ್ಮನಿ ತನ್ನ ನವೀಕರಿಸಬಹುದಾದ ಇಂಧನ ಕಾನೂನನ್ನು 2004ರಲ್ಲಿ ಬದಲಿಸಿ ಸೋಲಾರ್ ವಿದ್ಯುತ್ತಿಗೆ ಒಳ್ಳೆ ದರ ಕೊಟ್ಟಿತು. ಅಲ್ಲಿ ಬೇಡಿಕೆ ಏರಿ, ಸಿಲಿಕಾನ್ ಕೊರತೆಯಾಗಿ, ಜಗತ್ತಿನೆಲ್ಲೆಡೆ ಪ್ಯಾನೆಲ್ ಬೆಲೆ ಏರಿತು. ಬರ್ಲಿನ್‌ನಲ್ಲಿ ಬರೆದ ಕಾನೂನಿನ ಬಿಸಿ ಬೆಳ್ತಂಗಡಿಯ ಮನೆಗೆ ತಟ್ಟಿತು.

ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಬೇಗ ಬೆಳೆಯಬೇಕು ಎಂದು ಸೆಲ್ಕೊ ಫ್ರಾಂಚೈಸಿ ದಾರಿ ಹಿಡಿದಿತ್ತು. ತನ್ನ ಸ್ವಂತ ಶಾಖೆ, ಸ್ವಂತ ಟೆಕ್ನಿಷಿಯನ್ ಬದಲು ಡೀಲರ್‌ಗಳ ಮೂಲಕ ಮಾರುವುದು. ಕಾಗದದಲ್ಲಿ ಇದು ನೆಟ್‌ವರ್ಕ್ ಬೆಳೆದ ಹಾಗೆಯೇ ಕಾಣುತ್ತದೆ. ಆದರೆ ಹಳೆ ಬಳಗ ನಿಂತಿದ್ದು ಸರ್ವಿಸ್ ಮೇಲೆ, ಡೀಲರ್ ಬದುಕುವುದು ಮಾರಾಟದ ಮೇಲೆ. ಮಾರಿದ ಮೇಲೆ ಬ್ಯಾಟರಿಗೆ ನೀರು ಹಾಕಲು ಬೈಕ್ ಹತ್ತುವುದರಲ್ಲಿ ಅವರಿಗೆ ಲಾಭ ಇಲ್ಲ. ಆ ದಾರಿ ಕೈಕೊಟ್ಟಿತು, ಸೆಲ್ಕೊ ಅದನ್ನು ಬಿಟ್ಟು ಮತ್ತೆ ಸ್ವಂತ ಶಾಖೆಗಳಿಗೇ ಬಂತು.

ಬದುಕಿಸಿದ್ದು ಮತ್ತೆ ನಂಟುಗಳೇ. ಹೊಸ ಹೂಡಿಕೆದಾರರು ಬಂದರು. ಗುಡ್ ಎನರ್ಜೀಸ್, ಲೆಮೆಲ್ಸನ್ ಫೌಂಡೇಶನ್, ಇ ಪ್ಲಸ್ ಕೋ. ಬೇಗ ದೊಡ್ಡ ಲಾಭ ಬೇಕು ಎನ್ನುವವರಲ್ಲ, ಬಡವರ ಮನೆಗೆ ಬೆಳಕು ಎಂಬ ಗುರಿ ಒಪ್ಪಿ ಬಂದವರು. ಇಲ್ಲಿ ದೂರದ ನಂಟು ಎರಡನೇ ಸಲ ಕೈಹಿಡಿಯಿತು. ಆದರೆ ತೋರಿಸಲು ಹಂದೆಯವರ ಕೈಯಲ್ಲಿ ಏನಿತ್ತು ನೋಡಿ. ಹತ್ತು ವರ್ಷ ಸಾಲ ಕೊಟ್ಟ ಗ್ರಾಮೀಣ ಬ್ಯಾಂಕುಗಳು, ಕಂತು ಕಟ್ಟಿದ ಸಾವಿರಾರು ಮನೆಗಳು, ಬಿಟ್ಟುಹೋಗದೆ ಉಳಿದ ಹುಡುಗರು. ಹತ್ತಿರದ ಬಳಗ ಗಟ್ಟಿ ಇಲ್ಲದಿದ್ದರೆ ದೂರದವರು ಏನು ನೋಡಿ ದುಡ್ಡು ಹಾಕುತ್ತಿದ್ದರು?

ಯಾರ ಪರಿಚಯವೂ ಇಲ್ಲದವರು

ಪರಿಚಯದ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ಒಂದು ದೊಡ್ಡ ಅಪಾಯ ಇದೆ. ಪರಿಚಯ ಇಲ್ಲದವರು ಹೊರಗೇ ಉಳಿಯುತ್ತಾರೆ. ಇದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ. ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಕುಟುಂಬಗಳನ್ನು ನೆನೆಯಿರಿ. ಎಷ್ಟೋ ಮನೆಗೆ ಜಮೀನಿನ ಪತ್ರ ಇಲ್ಲ. ಪಿಗ್ಮಿ ಪುಸ್ತಕ ಇಲ್ಲ. ಬ್ಯಾಂಕಿನಲ್ಲಿ ಅವರನ್ನು ಗುರುತಿಸುವವರಿಲ್ಲ. ಜಾಮೀನು ಹಾಕುವ ನೆಂಟರೂ ಅಷ್ಟೇ ಬಡವರು. ಅಡಿಕೆ ತೋಟದ ಯಜಮಾನರಿಗೆ ಮ್ಯಾನೇಜರ್ ಎದ್ದು ನಿಂತು ಕುರ್ಚಿ ಕೊಡುವ ಶಾಖೆಯಲ್ಲಿ ಇವರು ಬಾಗಿಲ ಹೊರಗೆ ನಿಂತು ಕಾಯುತ್ತಾರೆ.

ಸೆಲ್ಕೊ ಇಲ್ಲಿ ತಾನೇ ಅವರ ಪರಿಚಯವಾಯಿತು. ಬ್ಯಾಂಕ್ ಕೇಳುವ ಮುಂಗಡ ಹಣ, ಅಂದರೆ ಬೆಲೆಯ ಶೇಕಡಾ 15ರಷ್ಟು ಅಥವಾ ಅದಕ್ಕಿಂತ ಜಾಸ್ತಿ, ಬಡವರಿಗೆ ಒಂದೇ ಸಲ ಒಟ್ಟು ಮಾಡಲು ಆಗದ ಮೊತ್ತ. ದಾನಿಗಳಿಂದ ಬಂದ ಹಣವನ್ನು ನಿಧಿಯಾಗಿಟ್ಟು, ಅದರ ಮೇಲೆ ಬ್ಯಾಂಕಿಗೆ ಭರವಸೆ ಕೊಟ್ಟು ಸಾಲ ಕೊಡಿಸಿತು. ಕಟ್ಟಿದ್ದು ಆ ಕುಟುಂಬಗಳೇ. ಸರಿಯಾಗಿ ಕಟ್ಟಿ ತೀರಿಸಿದ ಮೇಲೆ ಅವರಿಗೆ ಸಿಗುವುದು ದೀಪ ಮಾತ್ರ ಅಲ್ಲ. ಬ್ಯಾಂಕಿನಲ್ಲಿ ಒಂದು ಖಾತೆ, ಸಾಲ ತೀರಿಸಿದ ದಾಖಲೆ, ಮುಂದಿನ ಸಲ ಹೆಸರು ಹಿಡಿದು ಮಾತನಾಡಿಸುವ ಗುಮಾಸ್ತರು. ಹೊಲಿಗೆ ಮೆಷಿನ್ನಿಗೋ ಮೇಕೆಗೋ ಸಾಲ ಕೇಳಲು ಮತ್ತೆ ಯಾರ ಭರವಸೆಯೂ ಬೇಕಾಗುವುದಿಲ್ಲ. ನನ್ನ ಪ್ರಕಾರ ಸೆಲ್ಕೊ ಮಾಡಿದ ಕೆಲಸಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ತನ್ನ ಬಳಗವನ್ನು ಅದು ಬಳಸಿಕೊಂಡಿತು, ನಿಜ. ಬಳಗವೇ ಇಲ್ಲದವರಿಗೆ ಅದನ್ನು ಬಿಟ್ಟೂ ಕೊಟ್ಟಿತು.

2010ರಲ್ಲಿ ಸೆಲ್ಕೊ ಫೌಂಡೇಶನ್ ಬೇರೆಯಾಗಿ ಶುರುವಾಯಿತು. ಈಗ ಅದರ ಕೆಲಸ ಬೇರೆ ರಾಜ್ಯಗಳ ಸಣ್ಣ ಉದ್ಯಮಿಗಳನ್ನು ಬೆಳೆಸುವುದು, ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಕೊಡಿಸುವುದು. ಕೇಂದ್ರ ಆರೋಗ್ಯ ಸಚಿವಾಲಯ, ಐಕಿಯಾ ಫೌಂಡೇಶನ್ ಜೊತೆ ಸೇರಿ 12 ರಾಜ್ಯಗಳ 25,000 ಆರೋಗ್ಯ ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಲಸಿಕೆ ಇಡುವ ಫ್ರಿಜ್, ಹೆರಿಗೆ ಕೋಣೆಯ ದೀಪ, ಮಗುವನ್ನು ಬೆಚ್ಚಗಿಡುವ ಯಂತ್ರ. ಅಲ್ಲೂ ಪ್ರಶ್ನೆ ಹಳೆಯದೇ: ಕೂರಿಸಿದ ಮೇಲೆ ಬ್ಯಾಟರಿ ನೋಡುವವರು ಯಾರು?

ಹಳೆಯ ಬೋರ್ಡುಗಳು ಒಂದೊಂದೇ ಇಳಿದಿವೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಹೋಯಿತು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದೇ ಆಗಿವೆ, ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಶಾಖೆಯೊಳಗೆ ಹೊಸ ಮ್ಯಾನೇಜರ್ ಇರುತ್ತಾರೆ, ಬೇರೆ ಊರಿನವರು. ಹೊರಗೆ ಬೈಕ್ ನಿಲ್ಲಿಸಿ ಟೆಕ್ನಿಷಿಯನ್ ಒಳಗೆ ಹೋಗುತ್ತಾನೆ. ಚೀಲದಲ್ಲಿ ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್, ಕೈಯಲ್ಲಿ ಆ ಶಾಖೆಯಲ್ಲಿ ಕಂತು ತೀರಿಸಿದ ಮನೆಗಳ ಪಟ್ಟಿ. ನಮಸ್ಕಾರ ಹೇಳಿ ಮೊದಲ ಹೆಸರಿನಿಂದ ಶುರು ಮಾಡುತ್ತಾನೆ.